ಬಿಳಿ ಲಡಿಯ ಗೋಡೆ

ಇದನ್ನು ಬರೆಯದೆ ನಾನು ಬಹಳ ದಿನ ತಪ್ಪಿಸಿಕೊಂಡೆ. ನಮ್ಮ ನೇಕಾರರ ಸಂಘದವರು ಕೇಳಿದ್ದು ಸಣ್ಣ ಕೆಲಸ. ಬಣ್ಣದ ಮನೆಗೆ ಹೊಸದಾಗಿ ಸೇರುವವರು ಓದಿಕೊಳ್ಳಲಿ, ಕೊಳೆ ನೀರನ್ನು ತಿಳಿ ಮಾಡುವ ಪದ್ಧತಿ ಇಲ್ಲಿ ಹೇಗೆ ಬಂತು ಎಂದು ನಾಲ್ಕು ಪುಟ ಬರೆದುಕೊಡಿ ಎಂದಿದ್ದರು. ಬರೆದೆ. ತೊಟ್ಟಿ ಕಟ್ಟಿದ ರೀತಿ, ಸುಣ್ಣ ಕಲಸುವ ಹದ, ಮರಳು ತೊಳೆಯುವ ಕ್ರಮ ಎಲ್ಲ ಸರಿಯಾಗಿಯೇ ಬಂದಿತ್ತು. ಓದಿ ನೋಡಿದೆ. ಒಂದು ಮಾತೂ ತಪ್ಪಿರಲಿಲ್ಲ, ಆದರೂ ಇಡೀ ಬರಹ ಸುಳ್ಳಾಗಿತ್ತು. ಹರಿದು ಒಲೆಗೆ ಹಾಕಿದೆ. ಮತ್ತೆ ಬರೆದದ್ದಕ್ಕೂ ಅದೇ ಗತಿಯಾಯಿತು. ಈಗ ಎಪ್ಪತ್ತು ದಾಟಿದ್ದೇನೆ, ಅಕ್ಷರ ಓರೆಯಾಗುತ್ತಿದೆ. ಈ ಸಲ ಹರಿಯುವುದಿಲ್ಲ.

ಬಣ್ಣದ ಮನೆ ಇರುವುದು ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಊರ ಹೊರಗೆ. ತಗಡಿನ ದೊಡ್ಡ ಶೆಡ್ಡು, ಹಿಂದೆ ಕಾಂಪೌಂಡು, ಅದರಾಚೆ ಹಳ್ಳ. ಪಟ್ಟೇದಂಚಿನ ಸೀರೆ ನೇಯುವ ಮನೆಗಳಿಗೆ ಬೇಕಾದ ನೂಲಿಗೆಲ್ಲ ನಾವೇ ಬಣ್ಣ ಹಾಕಿಕೊಡುತ್ತಿದ್ದೆವು. ನಾನು ಅಲ್ಲಿ ಉಸ್ತುವಾರಿ. ಹತ್ತನೆಯ ತರಗತಿಯವರೆಗೆ ಓದಿದವನು, ಉಳಿದದ್ದನ್ನೆಲ್ಲ ಕುದಿಯುವ ತಪ್ಪಲೆಗಳ ಮುಂದೆ ಕಲಿತೆ. ಎಲ್ಲರೂ ನನ್ನನ್ನು ಕಾಕಾ ಎನ್ನುತ್ತಿದ್ದರು.

ಬಣ್ಣ ಹಾಕುವುದರಲ್ಲಿ ಅರ್ಧ ಕೆಲಸ ತೊಳೆಯುವುದೇ. ನೂಲಿನ ಲಡಿಗಳನ್ನು, ಅಂದರೆ ಸುತ್ತಿ ಕಟ್ಟಿದ ನೂಲಿನ ಕಟ್ಟುಗಳನ್ನು, ಮೊದಲು ಕುದಿಸಿ ಜಿಡ್ಡು ತೆಗೆಯುತ್ತೇವೆ. ಆಮೇಲೆ ಅವನ್ನು ಕೋಲಿಗೆ ಇಳಿಬಿಟ್ಟು ಬಣ್ಣದ ಬಿಸಿ ನೀರಿನಲ್ಲಿ ತಿರುವುತ್ತ ಹೋಗುತ್ತೇವೆ. ಉಪ್ಪು ಹಾಕಿದಾಗ ಬಣ್ಣ ನೂಲಿನ ಕಡೆ ಸರಿಯುತ್ತದೆ, ಸೋಡಾ ಹಾಕಿದಾಗ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳದೆ ಉಳಿದ ಬಣ್ಣ ಹೋಗುವ ತನಕ ತಣ್ಣೀರಿನಲ್ಲಿ, ಸಾಬೂನಿನ ಬಿಸಿ ನೀರಿನಲ್ಲಿ, ಮತ್ತೆ ತಣ್ಣೀರಿನಲ್ಲಿ ಜಾಲಿಸಬೇಕು. ಆ ನೀರೆಲ್ಲ ಗಟಾರದ ಹಾದಿ ಹಿಡಿದು ಹಳ್ಳಕ್ಕೆ ಹೋಗುತ್ತಿತ್ತು. ಯಾವ ದಿನ ಯಾವ ಬಣ್ಣ ಎಂದು ಹಳ್ಳ ನೋಡಿ ಹೇಳಬಹುದಿತ್ತು. ನಮಗದು ತಪ್ಪೆಂದು ಅನಿಸಿರಲೇ ಇಲ್ಲ.

ಹೊರಗಿನವರೊಬ್ಬರು ಹೇಳಿದ ಮೇಲೆ ಅನಿಸಿತು. ನಮ್ಮ ಸೀರೆಗಳನ್ನು ಒಟ್ಟಿಗೆ ಕೊಳ್ಳುತ್ತಿದ್ದ ದೊಡ್ಡ ಊರಿನ ಅಂಗಡಿಯವರು ಎರಡು ಷರತ್ತು ಹಾಕಿದರು. ಹೊರಗೆ ಬಿಡುವ ನೀರು ತಿಳಿಯಾಗಿರಬೇಕು. ಅದನ್ನು ನೋಡಿಕೊಳ್ಳಲು ಕೆಲಸಗಾರರದೇ ಒಂದು ಸಮಿತಿ ಇರಬೇಕು. ಸಂಘದ ಅಧ್ಯಕ್ಷರು ಹುಬ್ಬಳ್ಳಿಯಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಹಿತ್ತಲಿನಲ್ಲಿ ಮೂರು ತೊಟ್ಟಿ ಕಟ್ಟಿಸಿದರು. ಮೊದಲನೆಯದರಲ್ಲಿ ನೀರು ಕೂಡಿಬೀಳಬೇಕು, ಎರಡನೆಯದರಲ್ಲಿ ಸುಣ್ಣ ಮತ್ತು ಪಟಿಕ ಕಲಸಿ ಬಿಟ್ಟರೆ ಬಣ್ಣ ರಾಡಿಯಾಗಿ ತಳಕ್ಕೆ ಕೂರಬೇಕು, ಮೂರನೆಯದರಲ್ಲಿ ಮರಳಿನ ಮೂಲಕ ಸೋಸಿ ಹೊರಗೆ ಹೋಗಬೇಕು.

ಸಲಹೆಗಾರರು ನಮ್ಮನ್ನೆಲ್ಲ ಶೆಡ್ಡಿನ ಮುಂದೆ ಕೂರಿಸಿಕೊಂಡು ಹೇಳಿದ ಮಾತು ನೆನಪಿದೆ.

"ಟಾಕಿ ನಾ ಕಟ್ಟಿಸಿ ಕೊಡ್ತೀನಿ. ನಡಸವರು ನೀವು. ನಿಮಗ ಬ್ಯಾಸರಾದ ದಿನಾ ಇದು ನಿಂತಂಗ."

ಒಲೆಗೆ ಕಟ್ಟಿಗೆ ಹಾಕುವ ನಮ್ಮ ಒಲೆಯವ ಸುಮ್ಮನಿರುವ ಆಳಲ್ಲ. "ಬ್ಯಾಸರಾ ಈಗ ಚಾಲೂ ಆಗೇತ್ರಿ ಸರ್. ಚಾ ತರಸ್ರಿ, ಕಡಿಮಿ ಆಕ್ಕೈತಿ."

ಎಲ್ಲರೂ ನಕ್ಕರು. ಸಲಹೆಗಾರರೂ ನಕ್ಕು ಚಹಾ ತರಿಸಿದರು. ಸಮಿತಿ ಆದದ್ದು ಹಾಗೆ, ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು.

ಅವರ ಪೆಟ್ಟಿಗೆಯಲ್ಲಿ ಗಾಜಿನ ನಳಿಗೆಗಳಿದ್ದವು. ನೀರು ಹಾಕಿ, ಹನಿ ಬಿಟ್ಟು, ಬಣ್ಣ ನೋಡಿ ಅಂಕಿ ಹೇಳುತ್ತಿದ್ದರು. ನಮ್ಮವರು ತಲೆಯಾಡಿಸುತ್ತಿದ್ದರು, ಯಾರ ತಲೆಗೂ ಹತ್ತಿರಲಿಲ್ಲ. ಲಡಿ ತೊಳೆಯುವ ಹೆಣ್ಣುಮಗಳೊಬ್ಬಳು ಆಗ ಮಾತಾಡಿದಳು. ಅವಳು ಪುರ್ತಗೇರಿಯವಳು, ದಿನಾ ಅಲ್ಲಿಂದಲೇ ಬರುತ್ತಿದ್ದಳು. ವಯಸ್ಸು ಮೂವತ್ತೈದರ ಆಚೀಚೆ, ಗಂಡ ಇರಲಿಲ್ಲ, ಅತ್ತೆ ಮತ್ತು ಓದುವ ಮಗಳು ಅವಳ ಕೂಲಿಯ ಮೇಲೆ ಇದ್ದರು.

"ಸರ್, ಬಿಳೇ ಲಡಿ ಅದ್ದಿ ನೋಡಿದ್ರ ಆಗಂಗಿಲ್ಲೇನ್ರಿ? ಹೊರಗ ಹೋಗೂ ನೀರ ಹಿಡದು, ಕಾಸಿ, ಅದರಾಗ ಅದ್ದೂದು. ನೂಲಿಗಿ ಬಣ್ಣ ಹತ್ತಿದ್ರ ನೀರಾಗ ಬಣ್ಣ ಐತಿ. ಹತ್ಲಿಲ್ಲ ಅಂದ್ರ ಇಲ್ಲ. ಅದು ನಮಗ ತಿಳಿತೈತಿ."

"ಇದು ಪೂರಾ ಪರೀಕ್ಷಾ ಅಲ್ಲವ್ವಾ. ಇದರಾಗ ಉಪ್ಪು ಕಾಣಂಗಿಲ್ಲ, ಸೋಡಾ ಕಾಣಂಗಿಲ್ಲ. ತಿಂಗಳಿಗೊಮ್ಮೆ ನಾ ಬಂದು ಅದನ್ನ ನೋಡ್ತೀನಿ. ವಾರಾ ವಾರಾ ನೀವು ನೋಡಾಕ ಲಡಿ ಚಲೋ."

ಅಂದಿನಿಂದ ಅದು ನಮ್ಮ ಪದ್ಧತಿಯಾಯಿತು. ವಾರಕ್ಕೊಬ್ಬರ ಪಾಳಿ. ಕಾಂಪೌಂಡು ದಾಟುವ ಜಾಗದಲ್ಲಿ ಗಟಾರದ ನೀರು ಹಿಡಿದು, ಕಾಸಿ, ಬಿಳಿ ಲಡಿ ಅದ್ದಿ, ಹಿಂಡಿ, ಒಣಗಿಸಿ, ಶೆಡ್ಡಿನ ಮುಂದಿನ ಗೋಡೆಯ ಮೊಳೆಗೆ ತೂಗುಹಾಕಬೇಕು. ಹಳೆಯ ಲಡಿಗಳನ್ನು ತೆಗೆಯುವಂತಿಲ್ಲ, ಹೊಸದು ಪಕ್ಕದ ಮೊಳೆಗೆ. ಯಾರ ಲಡಿ ಎಂದು ಗೊತ್ತಾಗಲು ಗಂಟು ಸಾಕಾಗುತ್ತಿತ್ತು. ಬಣ್ಣದ ತಪ್ಪಲೆಯಲ್ಲಿ ನೂಲು ಸಿಕ್ಕಾಗಬಾರದೆಂದು ಲಡಿಗೆ ದಾರ ಕಟ್ಟುತ್ತೇವೆ. ಒಬ್ಬೊಬ್ಬರ ಕಟ್ಟು ಒಂದೊಂದು ರೀತಿ, ನೋಡಿದೊಡನೆ ಇದು ಇಂಥವರದು ಎಂದು ಹೇಳಬಹುದು. ಪುರ್ತಗೇರಿಯವಳ ಗಂಟನ್ನು ಕಲಿಸಿದವನು ನಾನು. ಕೆಲಸಕ್ಕೆ ಬಂದ ಹೊಸದರಲ್ಲಿ ಅವಳ ದಾರ ಬಿಚ್ಚಿಹೋಗಿ ಲಡಿಗಳೆಲ್ಲ ಸಿಕ್ಕಾಗುತ್ತಿದ್ದವು. ನನ್ನ ತಂದೆ ಕಟ್ಟುತ್ತಿದ್ದ ಹಳೆಯ ಗಂಟೊಂದನ್ನು ತೋರಿಸಿಕೊಟ್ಟಿದ್ದೆ. ನಾನು ಲಡಿ ಕಟ್ಟುವುದು ಬಿಟ್ಟು ಕಾಲವಾಗಿತ್ತು, ಶೆಡ್ಡಿನಲ್ಲಿ ಆ ಗಂಟು ಹಾಕುತ್ತಿದ್ದವಳು ಅವಳೊಬ್ಬಳೇ.

ಮೋಸ ಮಾಡಿದರೆ ಏನು ಶಿಕ್ಷೆ ಎಂಬ ಮಾತೂ ಆ ಸಭೆಯಲ್ಲೇ ಬಂತು.

"ಕುಡಿಯೂ ನೀರಾಗ ಅದ್ದಿ ತಂದು ಹಾಕಿದ್ರ ಯಾರ ನೋಡ್ಯಾರು?" ಎಂದ ಒಲೆಯವ.

"ಹಂಗ ಮಾಡಿದವರು ಈ ಮನಿ ಬಿಟ್ಟು ಹೋಗಬೇಕು," ಎಂದಳು ಅವಳು. "ಮತ್ತೇನು? ದಂಡಾ ಹಾಕಿದ್ರ ದಂಡಾ ಕಟ್ಟಿ ಮತ್ತ ಮಾಡ್ತಾರ."

"ಅಬಬಬ, ಜಡ್ಜಿ ಸಾಹೇಬ್ರು ಬಂದ್ರು!" ಎಂದ ಒಲೆಯವ. ಆದರೆ ಕೈ ಎತ್ತಿದ. ಎಲ್ಲರೂ ಎತ್ತಿದರು. ಮೊದಲು ಎತ್ತಿದ ಕೈ ನನ್ನದು.

ಕೆಲಸ ಹತ್ತಿತು. ಮೊದಮೊದಲು ಲಡಿಗಳು ಬೂದು, ತಿಳಿ ನೀಲಿ ಬಂದವು. ಸುಣ್ಣ ಮೊದಲು ಹಾಕಬೇಕೋ ಪಟಿಕ ಮೊದಲೋ ಎಂದು ತಿಳಿಯದೆ ಹಿಂದು ಮುಂದು ಮಾಡುತ್ತಿದ್ದೆವು. ಸುಣ್ಣವನ್ನು ಪುಡಿಯಾಗಿಯೇ ಸುರಿದರೆ ತಳದಲ್ಲಿ ಗಂಟಾಗಿ ಕೂರುತ್ತಿತ್ತು, ಹಾಲಿನಂತೆ ಕಲಸಿ ಹಾಕಿದರೆ ಇಡೀ ನೀರಿಗೆ ಹರಡುತ್ತಿತ್ತು. ಅದು ಹಿಡಿತಕ್ಕೆ ಬಂದ ಮೇಲೆ ನೀಲಿ, ಹಸಿರು, ಕರಿ ಎಲ್ಲ ತಳಕ್ಕೆ ಕೂತವು. ಒಲೆಯವನು ಬಾವಿಯ ನೀರು ಹೊರುವುದು ತಪ್ಪಲಿ ಎಂದು, ಒಂದು ಬಣ್ಣದಲ್ಲಿ ಕೊನೆಗೆ ಜಾಲಿಸಿದ ನೀರನ್ನೇ ಮುಂದಿನ ಬಣ್ಣವನ್ನು ಮೊದಲು ಜಾಲಿಸಲು ಹಾಕೋಣ ಎಂದ. ಸೋಮಾರಿತನದ ಉಪಾಯ ಎಂದು ನಕ್ಕೆವು. ಆದರೆ ಅದರಿಂದ ತೊಟ್ಟಿಗೆ ಬರುವ ನೀರು ಬಹಳ ಕಡಿಮೆಯಾಯಿತು. ಶನಿವಾರ ಸಂಜೆ ಎಲ್ಲರೂ ಗೋಡೆಯ ಮುಂದೆ ನಿಂತು ಹೊಸ ಲಡಿ ನೋಡಿ ಮನೆಗೆ ಹೋಗುವುದು ರೂಢಿಯಾಯಿತು. ಬಿಳಿ ಬಂದರೆ ಪಾಳಿಯವರಿಗೆ ಹೆಮ್ಮೆ. ಹಳ್ಳದಲ್ಲಿ ಮೀನಿನ ಮರಿ ಕಂಡವೆಂದು ಯಾರೋ ಹೇಳಿದ ದಿನ ಅರ್ಧ ಶೆಡ್ಡು ಕೆಲಸ ಬಿಟ್ಟು ನೋಡಲು ಹೋಗಿತ್ತು. ನಾನೂ ಹೋಗಿದ್ದೆ.

ಕೆಂಪು ಮಾತ್ರ ಮಣಿಯಲಿಲ್ಲ. ನಮ್ಮ ಸೀರೆಯ ಅಂಚಿಗೆ ಬೇಕಾಗುವುದೇ ಕೆಂಪು. ಆ ಬಣ್ಣ ನೀರಿನಲ್ಲಿ ಎಷ್ಟು ಕರಗಿರುತ್ತದೆಂದರೆ ಸುಣ್ಣಕ್ಕೂ ಪಟಿಕಕ್ಕೂ ಸಿಗುವುದಿಲ್ಲ, ಮರಳನ್ನೂ ದಾಟಿ ಹೋಗುತ್ತದೆ. ಸಲಹೆಗಾರರು ಅದಕ್ಕೆ ಬೇರೆ ದಾರಿ ತೋರಿಸಿದರು. ಕೆಂಪಿನ ನೀರನ್ನು ಉಳಿದದ್ದರ ಜೊತೆ ಬೆರೆಸದೆ, ಅಗಲವಾದ, ಆಳವಿಲ್ಲದ ಸಿಮೆಂಟಿನ ಕಟ್ಟೆಯಲ್ಲಿ ಹರವಿ ಬಿಸಿಲಿಗೆ ಆರಿಸಬೇಕು. ನೀರು ಆವಿಯಾಗಿ ಹೋಗಿ ತಳದಲ್ಲಿ ಕೆಂಪು ಉಪ್ಪಿನ ಹೆಕ್ಕಳೆ ಉಳಿಯುತ್ತದೆ. ಅದನ್ನು ಕೆರೆದು ಚೀಲಕ್ಕೆ ತುಂಬಿಡಬೇಕು. ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯಿತು. ನಮ್ಮ ಬಿಸಿಲಿಗೆ ಕೊರತೆಯೇ?

ಮಳೆಗಾಲ ಬಂತು. ಅದೇ ಹೊತ್ತಿಗೆ ಹಬ್ಬಕ್ಕೆ ಮುಂಚೆ ಕಳಿಸಬೇಕಾದ ದೊಡ್ಡ ಬೇಡಿಕೆಯೂ ಬಂತು, ಎಲ್ಲ ಕೆಂಪು ಅಂಚಿನ ಸೀರೆಗಳು. ನಮ್ಮಲ್ಲಿ ಮಳೆ ದೊಡ್ಡದಲ್ಲ. ಆದರೆ ಆ ಸಲ ಮೋಡ ಕವಿದದ್ದು ತೆರೆಯಲಿಲ್ಲ, ಜಿಟಿಜಿಟಿ ನಿಲ್ಲಲಿಲ್ಲ. ಕಟ್ಟೆಯ ನೀರು ಆರುವುದಿರಲಿ, ಮಳೆಯ ನೀರೂ ಸೇರಿ ಅಂಚಿನವರೆಗೆ ಬಂತು. ಸಲಹೆಗಾರರಿಗೆ ಫೋನು ಮಾಡಿದೆ.

"ಕೆಂಪ ನಿಲ್ಲಸ್ರಿ. ಬಿಸಲ ಬೀಳೂ ತನಕಾ ಬ್ಯಾರೇ ಬಣ್ಣಾ ಹಾಕ್ರಿ. ಕಟ್ಟಿ ಮ್ಯಾಲ ತಗಡ ಹಾಕಸ್ರಿ, ಮಳಿನೀರ ಆದ್ರೂ ಬೀಳಂಗಿಲ್ಲ."

ಸಮಿತಿ ಸೇರಿ ಹಾಗೆಯೇ ತೀರ್ಮಾನಿಸಿತು. ತಗಡು ಹಾಕಿಸಿದೆವು. ಕೆಂಪು ನಿಂತಿತು. ಮಗ್ಗಗಳೂ ನಿಂತವು. ಅಂಚಿನ ನೂಲಿಲ್ಲದೆ ಮಗ್ಗಕ್ಕೆ ಹಾಸುನೂಲು ಹೂಡುವುದು ಹೇಗೆ? ನೇಕಾರರು ಒಬ್ಬೊಬ್ಬರಾಗಿ ಗೇಟಿನ ಹತ್ತಿರ ಬರತೊಡಗಿದರು. ನನ್ನ ಓರಗೆಯ ನೇಕಾರನೊಬ್ಬ ಬಂದು, ಒಳಗೆ ಬರಲೊಲ್ಲದೆ ಹೊರಗೇ ನಿಂತು ಕೇಳಿದ:

"ಏನಪಾ, ಕೆಂಪಿಲ್ಲದ ಅಂಚ ನೇಯಾಕ ನಿಮ್ಮ ಸಮಿತಿಯವರು ಕಲಸ್ತಾರೇನು? ಮಗ್ಗದ ಕುಣಿಯಾಗ ಬೆಕ್ಕ ಮರಿ ಹಾಕೇತಿ, ಬಾ ನೋಡಾಕ."

ನಾನು ನಕ್ಕೆ. ಅವನು ನಗಲಿಲ್ಲ.

ಅಧ್ಯಕ್ಷರು ನನಗೆ ಯಾವ ತಪ್ಪು ಕೆಲಸವನ್ನೂ ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. "ಹೆಂಗರ ಮಾಡ್ರಿ ಕಾಕಾ" ಎಂದಷ್ಟೇ ಎಂದರು. ಅಂಗಡಿಯವರು ನಾಡಿದ್ದು ನೋಡಲು ಬರುತ್ತಾರೆ, ಬಿಳಿ ಲಡಿಯ ಗೋಡೆಯ ಫೋಟೋ ತೆಗೆದುಕೊಳ್ಳುತ್ತಾರಂತೆ ಎಂದೂ ಹೇಳಿದರು. ಆ ಗೋಡೆಯ ಸುದ್ದಿ ಅವರಿಗೆ ಮುಟ್ಟಿತ್ತು. ನನಗೆ ಎದೆ ಉಬ್ಬಿತು. ಇದನ್ನೂ ಬರೆಯಬೇಕು.

ಮರುದಿನ ಮುಂಜಾನೆ ಗುಡ್ಡದ ಮೇಲೆ ಜೋರು ಮಳೆಯಾಗಿ ಹಳ್ಳ ತುಂಬಿ ಹರಿಯಿತು. ನಾನು ಕಟ್ಟೆಯ ಪಕ್ಕ ನಿಂತು ಕಂದು ನೀರು ಓಡುವುದನ್ನು ನೋಡಿದೆ. ಇಷ್ಟು ನೀರಿನಲ್ಲಿ ನಮ್ಮ ಕೆಂಪು ಎಲ್ಲಿ ಕಾಣುತ್ತದೆ ಎಂದುಕೊಂಡೆ. ಕಟ್ಟೆ ಖಾಲಿಯಾದರೆ ಮತ್ತೆ ಕೆಂಪು ಹಾಕಬಹುದು, ಮಗ್ಗ ನಡೆಯುತ್ತವೆ, ಯಾರಿಗೂ ನಷ್ಟವಿಲ್ಲ. ಎಲ್ಲರನ್ನೂ ಚಹಾಕ್ಕೆ ಕಳಿಸಿದೆ. ಕಟ್ಟೆಯ ಮೂಲೆಯಲ್ಲಿ ತೊಳೆಯುವಾಗ ಮಾತ್ರ ತೆಗೆಯುವ ಒಂದು ಬಿರಡೆ ಇತ್ತು. ಅದನ್ನು ಎಳೆದೆ. ಮಳೆಯ ನೀರು ಸೇರಿಯೂ ದಟ್ಟವಾಗಿಯೇ ಉಳಿದಿದ್ದ ಕೆಂಪು, ತೊಟ್ಟಿಗಳನ್ನು ಬಿಟ್ಟು, ನೇರವಾಗಿ ಗಟಾರಕ್ಕೆ ಇಳಿಯಿತು. ನಾನು ಎಣಿಸಿದ್ದಕ್ಕಿಂತ ನಿಧಾನವಾಗಿ ಹರಿಯಿತು. ಹಳ್ಳದ ನೀರು ಮಧ್ಯಾಹ್ನದ ಹೊತ್ತಿಗೆ ಇಳಿದುಹೋಯಿತು, ಕೆಂಪು ಇನ್ನೂ ಬರುತ್ತಲೇ ಇತ್ತು.

ಆ ವಾರದ ಪಾಳಿ ಪುರ್ತಗೇರಿಯವಳದಾಗಿತ್ತು. ಮಧ್ಯಾಹ್ನ ಅವಳು ನೀರು ಹಿಡಿದು ಲಡಿ ಅದ್ದಿದಳು. ಹಸಿ ಲಡಿಯನ್ನು ಎರಡೂ ಅಂಗೈ ಮೇಲೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಗುಲಾಬಿ ಬಣ್ಣ, ಎಳೆಗಳ ಮಧ್ಯೆ ಅಲ್ಲಲ್ಲಿ ದಟ್ಟ.

"ಕಾಕಾ, ಲಡಿಗಿ ಬಣ್ಣಾ ಹತ್ತೇತ್ರಿ."

"ಕಟ್ಟಿ ಎಲ್ಲೋ ಸೋರಿರಬೇಕು ತಂಗಿ," ಎಂದೆ. ಸುಳ್ಳು ಅಲ್ಲಿಂದ ಶುರುವಾಯಿತು.

"ಹಾಕ್ಲೋ ಬ್ಯಾಡೋ? ನಾಳೆ ಮಂದಿ ಬರ್ತಾರಂತಲ್ರಿ."

"ಹಾಕು. ಪದ್ಧತಿ ಅಂದ್ರ ಪದ್ಧತಿ."

ಅವಳ ಮುಖದಲ್ಲಿ ಒಂದು ಸಮಾಧಾನ ಕಂಡಿತು, ಕಾಕಾ ಸರಿಯಾದದ್ದನ್ನೇ ಹೇಳುತ್ತಾರೆ ಎಂಬಂತೆ. ಸಂಜೆ, ಉಳಿದವರು ಮಳೆಗೆ ಬೇಗ ಹೊರಟುಹೋದ ಮೇಲೆ ಲಡಿ ಹಾಕಿ, ಮರುದಿನ ಮಗಳ ಶಾಲೆಗೆ ಹೋಗಬೇಕೆಂದು ರಜೆ ಹೇಳಿ ಹೋದಳು.

ಎಲ್ಲರೂ ಹೋದ ಮೇಲೆ ಬೀಗ ಹಾಕುವವನು ನಾನು. ಗೋಡೆಯ ಮುಂದೆ ನಿಂತೆ. ಸಾಲಾಗಿ ಬಿಳಿ, ಕೊನೆಗೆ ಗುಲಾಬಿ. ಒಳಗೆ ಹೋಗಿ ಒಂದು ಬಿಳಿ ಲಡಿ ತಂದು, ಕುಡಿಯುವ ನೀರಿನಲ್ಲಿ ಅದ್ದಿ, ಹಿಂಡಿದೆ. ದಾರ ಕಟ್ಟುವಾಗ ಕೈ ತಡೆಯಿತು. ಬೇರೆ ಗಂಟು ಹಾಕಿದರೆ ಯಾರಾದರೂ ಕೇಳಿಯಾರು. ಅವಳ ಗಂಟನ್ನೇ ಹಾಕಿದೆ. ಎಷ್ಟು ವರ್ಷದ ಮೇಲೆ ಹಾಕಿದರೂ ಬೆರಳು ಮರೆತಿರಲಿಲ್ಲ. ಅವಳ ಲಡಿಯನ್ನು ಒಲೆಗೆ ಹಾಕಿದೆ. ನೂಲು ಹಸಿಯಿತ್ತು, ಉರಿಯಲು ಹೊತ್ತು ಹಿಡಿಯಿತು.

ಮರುದಿನ ಅಂಗಡಿಯವರು ಬಂದರು, ಫೋಟೋ ತೆಗೆದರು, ನಮ್ಮ ಕೈ ಕುಲುಕಿದರು. ಕಟ್ಟೆ ಖಾಲಿಯಾಗಿತ್ತು. ಕೆಂಪಿನ ತಪ್ಪಲೆ ಮತ್ತೆ ಒಲೆ ಏರಿತು. ಕಟ್ಟೆಯ ನೀರು ಎಲ್ಲಿ ಹೋಯಿತೆಂದು ಒಲೆಯವ ಕೇಳಿದ. ತಗಡು ಹಾಕಿದ ಮೇಲೆ ಗಾಳಿಗೆ ಆರಿತು ಎಂದೆ. ನಂಬಿದ. ಕಾಕಾ ಹೇಳಿದ ಮೇಲೆ ನಂಬದೆ ಏನು?

ಅದರ ಮರುದಿನ ಕೆಳಗಿನ ಊರಿನ ರೈತನೊಬ್ಬ ಎರಡು ಎತ್ತು ಹೊಡೆದುಕೊಂಡು ಬಂದು ನಮ್ಮ ಗೇಟಿಗೆ ಕಟ್ಟಿದ. ಬಿಳಿ ಎತ್ತುಗಳು. ಮೊಳಕಾಲಿನ ತನಕ ಗುಲಾಬಿಯಾಗಿದ್ದವು.

"ಹೊರಗ ಬರ್ರಿ ಬಣ್ಣದವರು!" ಎಂದು ಕೂಗಿದ. "ನನ್ನ ಎತ್ತಿಗಿ ಮದರಂಗಿ ಹಚ್ಚೀರಿ, ಲಗ್ನಾ ಯಾವಾಗ ಐತಿ? ಅದನ್ನೂ ಹೇಳಿಬಿಡ್ರಿ!"

ಹೊರಗೆ ಬಂದವರಿಗೆ ನಗು ಬಂತು, ಮುಂದಿನ ಮಾತು ಕೇಳಿದೊಡನೆ ನಿಂತಿತು.

"ನಗ್ತೀರೇನು? ಆ ನೀರ ಕುಡದಾವು. ನಿನ್ನಿಯಿಂದ ಮೇವ ಮುಟ್ಟಿಲ್ಲ. ಸಂಡಾಸ ಹಿಡದಾವು. ಎತ್ತ ಹೋದ್ರ ನಾ ಏನ ಬಿತ್ಲಿ, ನಿಮ್ಮ ಸೀರಿ ಬಿತ್ಲೇನು?"

ಅಧ್ಯಕ್ಷರು ಓಡಿ ಬಂದು, ದನದ ಡಾಕ್ಟರನ್ನು ಕರೆಸಿದರು. ಎತ್ತುಗಳು ಉಳಿದವು. ಆದರೆ ಕೇಳುವ ಮಾತು ಉಳಿಯಿತು. ಕೆಂಪು ಹೊರಗೆ ಹೋಗಿದೆ. ಗೋಡೆಯ ಮೇಲಿನ ಲಡಿ ಬೆಳ್ಳಗಿದೆ. ಹಾಗಾದರೆ ಆ ಲಡಿಯನ್ನು ಅದ್ದಿದ್ದು ಎಲ್ಲಿ?

ಅಂದೇ ಸಮಿತಿ ಸೇರಿತು. ನೀರು ಹೇಗೆ ಹೋಯಿತೆಂದು ಅಧ್ಯಕ್ಷರು ಕೇಳಿದರು. ಗಾಳಿಗೆ ಆರಿತೆಂದು ನಾನೂ ಎಣಿಸಿದ್ದೆ, ಬಿರಡೆ ಸಡಿಲಾಗಿ ಸೋರಿರಬೇಕು ಎಂದೆ. ಅದು ಆಗಬಹುದಾದ ಮಾತು, ಯಾರೂ ಮುಂದೆ ಕೇಳಲಿಲ್ಲ. ಸೋರಿದ್ದು ಆಕಸ್ಮಿಕ, ಲಡಿ ಸುಳ್ಳು ಹೇಳಿದ್ದು ಮೋಸ. ಎಲ್ಲರ ಸಿಟ್ಟು ಅತ್ತ ತಿರುಗಿತು. ಆ ಗೋಡೆ ಅವರದಾಗಿತ್ತು, ಅದಕ್ಕೇ ಅಷ್ಟು ಸಿಟ್ಟು. ನಾನು ಬಿರಡೆ ಎಳೆದದ್ದಕ್ಕಿಂತ ಇದು ನನಗೆ ಇಂದಿಗೂ ಹೆಚ್ಚು ಭಾರ. ಅವರು ಕೆಟ್ಟವರಾಗಿದ್ದರೆ ಅವಳು ಉಳಿಯುತ್ತಿದ್ದಳು.

"ಗುಲಾಬಿ ಬಂದಿತ್ತು. ಗುಲಾಬಿನ ಹಾಕಿದ್ದೆ," ಎಂದಳು ಅವಳು. "ಕಾಕಾಗ ತೋರಿಸಿ ಹಾಕೀನಿ. ಕೇಳ್ರಿ ಬೇಕಾರ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ಒಂದು ಮಾತು ಸಾಕಾಗಿತ್ತು. ಹೌದು ಎನ್ನಬಹುದಿತ್ತು. ಬಿಳಿ ಲಡಿ ಹೇಗೆ ಬಂತೋ ಗೊತ್ತಿಲ್ಲ ಎಂದು ಅರ್ಧ ಸುಳ್ಳಿನಲ್ಲಾದರೂ ಅವಳನ್ನು ಉಳಿಸಬಹುದಿತ್ತು.

"ನನಗ ತೋರಿಸಿದ್ದು ನೆನಪಿಲ್ಲ," ಎಂದೆ. "ನಾ ಬೀಗಾ ಹಾಕೂ ಮುಂದ ನೋಡಿದಾಗ ಬೆಳ್ಳಗ ಇತ್ತು."

ಒಲೆಯವ ಎದ್ದು ಗೋಡೆಯಿಂದ ಲಡಿ ತೆಗೆದು ತಂದು ಅವಳ ಮುಂದೆ ಹಿಡಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಗಂಟ ನಿಂದ ಐತಲ್ಲಬೇ ಅಕ್ಕಾ. ಗಟಾರದ ತನಕಾ ಮಳಿಯಾಗ ಯಾರ ಹೋಗ್ಬೇಕಂತ ಇಲ್ಲೇ ಅದ್ದಿ ಹಾಕೀದಿ. ಒಪ್ಕೊ, ಮುಗೀತು."

ಅವಳು ಲಡಿ ಇಸಿದುಕೊಂಡು ಗಂಟನ್ನು ನೋಡಿದಳು. ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಆ ಗಂಟು ಹಾಕಲು ಬರುತ್ತಿದ್ದದ್ದು ಇಬ್ಬರಿಗೇ. ಹಾಕಿದವಳು ತಾನಲ್ಲವೆಂದು ಅವಳಿಗೆ ಗೊತ್ತಿತ್ತು.

"ಗಂಟ ನಂದ ಐತಿ," ಎಂದಳು. "ಲಡಿ ನಂದಲ್ಲ."

"ಇದೇನ ಮಾತಬೇ?" ಎಂದು ಯಾರೋ ನಕ್ಕರು. ಅವಳು ಬಿಡಿಸಿ ಹೇಳಲಿಲ್ಲ. ಕಾಕಾನ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲವೆಂದೋ, ನಾನೇ ಎದ್ದು ಹೇಳಲಿ ಎಂದು ಕಾದಳೋ. ಕಾದಳು ಎಂದೇ ನನಗೆ ಅನಿಸುತ್ತದೆ. ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ನಾನು ಚಪ್ಪಲಿಯ ಉಂಗುಟ ನೋಡುತ್ತಿದ್ದೆ.

ಕೈ ಎತ್ತುವ ಹೊತ್ತು ಬಂತು. ಅವಳೇ ಹೇಳಿದ್ದ ನಿಯಮ. ಒಬ್ಬೊಬ್ಬರೇ ಎತ್ತಿದರು. ನಾನೂ ಎತ್ತಿದೆ.

ಅವಳು ರಬ್ಬರ್ ಬೂಟು ಕಳಚಿ, ನಳದ ಕೆಳಗೆ ತೊಳೆದು, ಗೋಡೆಗೆ ಆನಿಸಿ ಇಟ್ಟಳು. ಬುತ್ತಿಯ ಗಂಟು ಎತ್ತಿಕೊಂಡಳು. ಗೇಟಿನ ಹತ್ತಿರ ನಾನು ನಿಂತಿದ್ದೆ. ದಾಟುವಾಗ ಬೇರೆ ಯಾರಿಗೂ ಕೇಳದಂತೆ ಹೇಳಿದಳು:

"ಕಾಕಾ, ಇನ್ನೂ ಚಲೋ ಬಿಗೀತೀರಿ."

ಆಮೇಲಿನದನ್ನು ಬೇಗ ಹೇಳುತ್ತೇನೆ. ಗೋಡೆಯ ಮೇಲೆ ಲಡಿಗಳು ಏರುತ್ತಲೇ ಹೋದವು. ಎಲ್ಲವೂ ಬಿಳಿ. ಒಂದೂ ಬೂದು ಇಲ್ಲ, ಒಂದೂ ನೀಲಿ ಇಲ್ಲ. ಪಟಿಕ ಮುಗಿದು ತರಿಸದೆ ಬಿಟ್ಟಿದ್ದ ವಾರವೂ ಬಿಳಿ. ಒಂದು ಮಧ್ಯಾಹ್ನ ಒಲೆಯವನು ಕುಡಿಯುವ ನೀರಿನ ಕೊಡದ ಹತ್ತಿರ ಕೂತು ಲಡಿ ಹಿಂಡುತ್ತಿದ್ದುದನ್ನು ನೋಡಿದೆ. ಅವನು ಮುಚ್ಚಿಡಲಿಲ್ಲ.

"ಬೆಳ್ಳಗ ಇರಬೇಕಲ್ರಿ ಕಾಕಾ? ಬಣ್ಣಾ ಹತ್ತಿದ್ದು ಹಾಕಿ ಯಾರ ಮನಿಗಿ ಹೋಗೂದು?"

"ಬಣ್ಣಾ ಹತ್ತಿದ್ದು ಹಾಕಿದ್ರ ಮನಿಗಿ ಕಳಿಸ್ತೀವಿ ಅಂತ ಯಾರ ಅಂದಾರ?"

"ಯಾರೂ ಅಂದಿಲ್ರಿ. ಆದ್ರ ಆಕಿ ಸುಳ್ಳ ಹೇಳೂ ಹೆಣಮಗಳಲ್ಲ ಅಂತ ಈಗ ಅನಸ್ತೈತಿ. ಗುಲಾಬಿ ಹಾಕಿದ್ಲೋ ಏನೋ. ಏನಾತೋ ಏನೋ. ನಮಗ್ಯಾಕ?"

ನಾನು ಒಳಗೆ ಹೋದೆ. ಮೂರು ತೊಟ್ಟಿಗಳಿದ್ದವು, ಸುಣ್ಣವಿತ್ತು, ಸಮಿತಿಯಿತ್ತು. ನಮ್ಮವರು ತಮ್ಮ ಕಣ್ಣಿಗೆ ಕಂಡದ್ದನ್ನು ಹೇಳುವುದನ್ನು ಬಿಟ್ಟಿದ್ದರು. ಬಿಡಿಸಿದವನು ನಾನು.

ಮರುದಿನ ಅಧ್ಯಕ್ಷರ ಮನೆಗೆ ಹೋಗಿ, ಬಿರಡೆ ಎಳೆದವನು ನಾನೇ ಎಂದು ಹೇಳಿದೆ. ಇನ್ನೊಂದು ಕಟ್ಟೆ ಕಟ್ಟುವ ತನಕ ಕೆಂಪು ಹಾಕುವುದಿಲ್ಲ, ಬೇಕಾದರೆ ನನ್ನನ್ನು ತೆಗೆಯಿರಿ ಎಂದೆ. ಅವರು, "ಆಗಿದ್ದು ಆತು ಬಿಡ್ರಿ. ಕಟ್ಟಿ ಕಟ್ಟಸೂಣು" ಎಂದರು. ಲಡಿಯ ಮಾತನ್ನೂ ಹೇಳಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಚಹಾ ತಂದಿಟ್ಟರು. ಕುಡಿದು ಬಂದೆ.

ಎರಡನೆಯ ಕಟ್ಟೆ ಆಯಿತು. ಮಳೆಗಾಲದಲ್ಲಿ ಕೆಂಪಿಗೆ ಮಿತಿ ಹಾಕಿದೆವು, ಅಂಗಡಿಯವರಿಗೆ ತಿಳಿಸಿ ಹೇಳಿದಾಗ ಅವಧಿಯನ್ನೂ ಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರು. ಲಡಿಯ ನಿಯಮವನ್ನೂ ಬದಲಿಸಿದೆವು. ಈಗ ಇಬ್ಬರು ಸೇರಿ ಅದ್ದುತ್ತಾರೆ, ಬಣ್ಣ ಹತ್ತಿದ ಲಡಿ ಹಾಕಿದವರನ್ನು ಯಾರೂ ಪ್ರಶ್ನಿಸುವಂತಿಲ್ಲ. ಮತ್ತೆ ಬೂದು ಲಡಿಗಳು ಕಾಣತೊಡಗಲು ವರ್ಷದ ಮೇಲಾಯಿತು. ನಾನು ಕೆಲಸ ಬಿಟ್ಟ ದಿನ ಆ ಗೋಡೆಯ ಮುಂದೆಯೇ ನನಗೆ ಶಾಲು ಹೊದಿಸಿದರು, ನೀರು ಉಳಿಸಿದ ಹಿರಿಯರು ಎಂದು ಮಾತಾಡಿದರು. ನಾನು ಕೈ ಮುಗಿದೆ.

ಅವಳನ್ನು ಆಮೇಲೆ ಒಮ್ಮೆ ನೋಡಿದೆ, ರೋಣದ ಬಸ್ ನಿಲ್ದಾಣದಲ್ಲಿ. ಹೊಲದ ಕೂಲಿಗೆ ಹೋಗಿ ಮುಖ ಕಪ್ಪಾಗಿತ್ತು. ನಾನು ಕಂಬದ ಹಿಂದೆ ಸರಿಯುವಷ್ಟರಲ್ಲಿ ಅವಳೇ ಬಂದಳು.

"ಆರಾಮ ಅದೀರಿ ಕಾಕಾ? ದವಾಖಾನಿಗಿ ಬಂದಿದ್ರೇನು?"

"ಕಣ್ಣ ತೋರಸಾಕ ಬಂದಿದ್ದೆ ತಂಗಿ. ಪರದಿ ಬಂದೈತಂತ. ನಿಮ್ಮ ಕಡೆ ಮಳಿ ಹೆಂಗ?"

"ಐತ್ರಿ, ನಡದೈತಿ. ಹೊಲದಾಗ ಹೆಸರ ಕೀಳಾಕ ಹೊಂಟೀನಿ ಅಬ್ಬಿಗೇರಿಗಿ. ಮಗಳ ಸಾಲಿ ಬಿಟ್ಲು. ನನ್ನ ಕೂಡ ಬರ್ತಾಳ ಕೆಲಸಕ್ಕ." ದೂರದ ಕಟ್ಟೆಯ ಮೇಲೆ ಕೂತ ಹುಡುಗಿಯತ್ತ ಕೈ ತೋರಿಸಿದಳು. "ನೀರ ಚಲೋ ಬರ್ತಾವೇನ್ರಿ ಈಗ, ಹಳ್ಳಕ್ಕ?"

"ಬರ್ತಾವು," ಎಂದೆ.

"ಬರ್ಲಿ," ಎಂದಳು.

ಅವಳ ಬಸ್ಸು ಬಂತು. ಹತ್ತುವಾಗ ಹಿಂದಿರುಗಿ ನೋಡಲಿಲ್ಲ. ನನಗೆ ಸಿಕ್ಕ ಅವಕಾಶದಲ್ಲಿ ಮಳೆಯ ಸುದ್ದಿ ಕೇಳಿದ್ದೆ. ಅವಳು ಸಿಟ್ಟಾಗಿದ್ದರೆ ಆ ಸಿಟ್ಟಿಗೆ ಉತ್ತರವಾಗಿಯಾದರೂ ಏನಾದರೂ ಹೇಳುತ್ತಿದ್ದೆನೇನೋ. ಇದೂ ನಾನು ನನಗೆ ಹೇಳಿಕೊಳ್ಳುವ ಮಾತು.

ಈಗ ಬಣ್ಣದ ಮನೆಗೆ ಸೇರುವವರು ಇದನ್ನು ಓದುತ್ತಾರೆ. ಸುಣ್ಣವನ್ನು ಹಾಲಿನಂತೆ ಕಲಸಿ ಹಾಕಿರಿ. ಕೆಂಪನ್ನು ಬೇರೆ ಇಡಿರಿ. ಮರಳಿನ ಮೇಲಿನ ರಾಡಿಯನ್ನು ಗಟ್ಟಿಯಾಗುವ ಮುಂಚೆ ಕೆರೆಯಿರಿ. ಮತ್ತು ಆ ಗೋಡೆಯ ಮೇಲೆ ಒಂದು ಮೊಳೆಗೆ ಹಾಕಿದ ಲಡಿಯನ್ನು ನಾನು ತೆಗೆದು ಸುಟ್ಟೆ ಎಂಬುದನ್ನು ತಿಳಿದುಕೊಳ್ಳಿರಿ. ಆ ವಾರ ನೀರು ಹೇಗಿತ್ತೋ ಹಾಗೆಯೇ ತೋರಿಸಿದವಳು ಒಬ್ಬಳಿದ್ದಳು. ಅವಳು ಮೋಸ ಮಾಡಲಿಲ್ಲ, ಮೋಸ ಮಾಡಿದವನು ನಾನು. ಸಮಿತಿಯ ಎದುರು ಹೇಳಬೇಕಾಗಿದ್ದ ಈ ಮಾತನ್ನು ಅವಳ ಎದುರೂ ಹೇಳಲಿಲ್ಲ. ಅವಳ ಹೆಸರು ಕಳಕವ್ವ.